ಹಾಯೋ ದೋಣಿ

ಮಕ್ಕಳಿಗಾಗಿ ನಾನು ಆರು ಪುಸ್ತಕ ಬರೆದಿದ್ದೇನೆ. ಆರರಲ್ಲೂ ಸಮುದ್ರವೇ. ನನ್ನ ಕಥೆಯ ಹುಡುಗಿ ಹಾಯಿದೋಣಿ ಹತ್ತಿ ದ್ವೀಪದಿಂದ ದ್ವೀಪಕ್ಕೆ ಹೋಗುತ್ತಾಳೆ, ಬಿರುಗಾಳಿಯನ್ನು ಗದರಿಸುತ್ತಾಳೆ, ಕಳ್ಳರ ಹಡಗು ಮುಳುಗಿಸುತ್ತಾಳೆ. ಬರೆದವಳು ಮಾತ್ರ ಸೊಲ್ಲಾಪುರದಲ್ಲಿ, ಗಂಡನ ಚಾದರದ ಅಂಗಡಿಯ ಮೇಲಿನ ಮನೆಯಲ್ಲಿ, ನಾಲ್ಕೈದು ದಿನಕ್ಕೊಮ್ಮೆ ಬರುವ ನಳದ ನೀರು ತುಂಬಿಟ್ಟ ಡ್ರಮ್ಮುಗಳ ಪಕ್ಕದಲ್ಲಿ ಕೂತಿರುತ್ತಾಳೆ. ದಿನಾ ನನ್ನ ಕಣ್ಣಿಗೆ ಬೀಳುವ ಅಲೆಗಳೆಂದರೆ ಆ ಡ್ರಮ್ಮಿನವೇ.

ಏಳನೆಯ ಪುಸ್ತಕ ಅರ್ಧ ಆಗಿದ್ದಾಗ ಕಾರವಾರದ ಕಡೆಯಿಂದ ಒಬ್ಬ ಹುಡುಗಿಯ ಪತ್ರ ಬಂತು. “ನಿಮ್ಮ ಕಥೆಯಲ್ಲಿ ದೋಣಿ ಎದುರುಗಾಳಿಗೆ ನೆಟ್ಟಗೆ ನುಗ್ಗುತ್ತದೆ. ಯಾವ ಹಾಯಿದೋಣಿಯೂ ಹಾಗೆ ಹೋಗುವುದಿಲ್ಲ. ನಮ್ಮ ಅಜ್ಜ ಓದಿ ತುಂಬಾ ನಕ್ಕರು. ನೀವು ಒಮ್ಮೆಯಾದರೂ ದೋಣಿಯಲ್ಲಿ ಕೂತಿದ್ದೀರಾ?”

ಅಜ್ಜ ನಕ್ಕರು ಎಂಬುದನ್ನು ಬರೆಯದೆ ಇದ್ದಿದ್ದರೆ ನಡೆಯುತ್ತಿತ್ತು. ನನಗೆ ಅವತ್ತು ಊಟ ಸೇರಲಿಲ್ಲ. ನಮ್ಮ ಮನೆಯವರು ಸಮಾಧಾನ ಮಾಡಲು ನೋಡಿದರು. “ಚಂದ್ರನ ಮ್ಯಾಲ ಕಥಿ ಬರ್ಯಾವ್ರು ಎಲ್ಲಾರೂ ಚಂದ್ರಗ ಹೋಗಿ ಬಂದಾರೇನು? ಊಟಾ ಮಾಡು.” ಆದರೆ ಹುಡುಗಿ ಕೇಳಿದ್ದು ನ್ಯಾಯವಾಗಿಯೇ ಇತ್ತು. ನನ್ನ ಕೈಯಿಂದಲೇ ಒಂದು ದೋಣಿ ಮಾಡುತ್ತೇನೆ, ಅದು ನನ್ನನ್ನು ಹೊತ್ತು ನಡೆದರೆ ಏಳನೆಯದನ್ನು ಮುಗಿಸುತ್ತೇನೆ, ಇಲ್ಲದಿದ್ದರೆ ಬರೆಯುವುದನ್ನೇ ಬಿಡುತ್ತೇನೆ ಎಂದು ಸಿಟ್ಟಿನಲ್ಲಿ ಹೇಳಿಬಿಟ್ಟೆ. ದೋಣಿಗೆ ನೀರು ಬೇಕಲ್ಲ, ತವರು ನೆನಪಾಯಿತು.

ತವರು ಸೊಲ್ಲಾಪುರ ಜಿಲ್ಲೆಯಲ್ಲೇ, ಕುರನೂರಿನ ಹತ್ತಿರ. ಅಣ್ಣನ ಹೊಲದ ಬದುವಿನಿಂದ ಇಳಿದರೆ ಡ್ಯಾಮಿನ ಹಿನ್ನೀರು. ಅಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವನು, ಮನೆಯ ಬಂಡಿ, ಕುಂಟೆ ಎಲ್ಲ ತಾನೇ ರಿಪೇರಿ ಮಾಡಿಕೊಳ್ಳುವವನು. ಬಾಯಿ ತೆರೆದರೆ ಕನ್ನಡ, ಆದರೆ ಕನ್ನಡದ ಒಂದಕ್ಷರ ಓದಲು ಬಾರದು. ಹೊಲದ ಉತಾರ, ಅಂದರೆ ಪಹಣಿ, ಮರಾಠಿಯಲ್ಲಿ ಇರುತ್ತದೆ, ಗಂಡಸಿಗೆ ಮರಾಠಿ ಬೇಕು ಎಂದು ಅಪ್ಪ ಅವನನ್ನು ಮರಾಠಿ ಶಾಲೆಗೆ ಹಾಕಿದ. ಹೆಣ್ಣುಮಗಳಿಗೆ ಯಾವುದಾದರೂ ನಡೆಯುತ್ತದೆ ಎಂದು ನನ್ನನ್ನು ಹತ್ತಿರದ ಕನ್ನಡ ಶಾಲೆಗೆ ಕಳಿಸಿದ. ಹೀಗೆ ನಾನು ಕನ್ನಡದ ಲೇಖಕಿ ಆದದ್ದು.

“ಅಣ್ಣಾ, ಒಂದು ಹಾಯಿದೋಣಿ ಮಾಡಬೇಕು” ಎಂದು ಫೋನು ಮಾಡಿದೆ.

“ಹಾಯೋ ದೋಣಿ?” ಎಂದ. “ಹಾಯೋ ಎತ್ತ ಕಂಡೀನಿ, ಹಾಯೋ ಎಮ್ಮಿ ಕಂಡೀನಿ. ಹಾಯೋ ದೋಣಿ ಎಲ್ಲೂ ಕಂಡಿಲ್ಲ ನೋಡವ್ವಾ. ಅದಕ್ಕ ಕೋಡ ಎಲ್ಲಿ ಇರ್ತಾವ?”

ನಮ್ಮ ಕಡೆ ಹಾಯುವುದು ಎಂದರೆ ಕೋಡಿನಿಂದ ತಿವಿಯುವುದು. ಈ ಮಾತನ್ನು ಹುಟ್ಟಿದಾಗಿನಿಂದ ಆಡಿದವಳೇ ಆರು ಪುಸ್ತಕದ ತುಂಬ ‘ಹಾಯಿದೋಣಿ’ ಎಂದು ಬರೆದುಕೊಂಡು ಬಂದಿದ್ದೆ. ನಮ್ಮೂರ ಮಕ್ಕಳು ಅದನ್ನು ಓದಿ ಏನು ತಿಳಿದುಕೊಂಡರೋ ದೇವರೇ ಬಲ್ಲ. ಕೊನೆಗೆ “ಶೀಡ ಹಚ್ಚಿದ ಹೋಡಿ” ಎಂದು ಮರಾಠಿಯಲ್ಲಿ ಹೇಳಿದೆ. “ಹಂಗ ಕನ್ನಡದಾಗ ಹೇಳು ಮತ್ತ” ಎಂದ.

ಎರಡು ತಿಂಗಳು ರವಿವಾರ ಬಂತೆಂದರೆ ಕುಂಭಾರಿ ದಾಟಿ ತವರಿನ ಕಡೆ ಹೋಗುವ ಬಸ್ಸು ಹಿಡಿಯುತ್ತಿದ್ದೆ. ಅಣ್ಣ ಬೇವಿನ ಹಲಗೆ ಕೊಟ್ಟ. ಮೊಬೈಲಿನಲ್ಲಿ ನೋಡಿಕೊಂಡು ಅಳತೆ ಹಾಕಿದವಳು, ಕೊಯ್ದವಳು, ಮೊಳೆ ಹೊಡೆದವಳು ನಾನು. ಬೆರಳು ಜಜ್ಜಿಕೊಂಡವಳೂ ನಾನೇ. ಅವನು ಕಟ್ಟೆಯ ಮೇಲೆ ಕೂತು, “ತಂಗಿ, ದೋಣಿ ಮಾಡಾಕತ್ತಿಯೋ, ದನಕ್ಕ ಗ್ವಾದಲಿ ಮಾಡಾಕತ್ತಿಯೋ?” ಎನ್ನುತ್ತಿದ್ದ. ಒಂದು ದಿನ ಆಕಳ ಕರು ನಿಜವಾಗಿಯೂ ಬಂದು ಮೇವು ಹುಡುಕುತ್ತ ಅದರೊಳಗೆ ಬಾಯಿ ಹಾಕಿತು. ಅಣ್ಣನಿಗೆ ಆ ವಾರವೆಲ್ಲ ಬೇರೆ ಮಾತೇ ಬೇಕಾಗಲಿಲ್ಲ.

ಹಲಗೆಯ ಸಂದಿಗೆ ನೂಲಿನ ಚಿಂದಿಯನ್ನು ಡಾಂಬರಿನಲ್ಲಿ ಅದ್ದಿ ತುರುಕಿದೆ. ಹಾಯಿಗೆ ಹಗುರ ಬಟ್ಟೆ ಬೇಕೆಂದರೆ ನಮ್ಮ ಮನೆಯವರು ಕೇಳಲಿಲ್ಲ. “ಸೊಲ್ಲಾಪುರದಾಗ ಅಂಗಡಿ ಇಟ್ಟಾಂವ ಹೊರಗಿನ ಅರಿವಿ ತರಬೇಕಾ? ಮಂದಿ ನಗತಾರ” ಎಂದು ಜೋಡಿ ನವಿಲಿನ ದೊಡ್ಡ ಚಾದರವನ್ನೇ ಕೊಟ್ಟು ಕಳಿಸಿದರು. ತೂಕ ಎಷ್ಟಿತ್ತೆಂದರೆ, ಅದನ್ನು ಹೊತ್ತು ಬಸ್ಸು ಹತ್ತುವಾಗ ಕಂಡಕ್ಟರು ಎರಡು ಸಲ ನೋಡಿದ.

ದೋಣಿಯನ್ನು ಎತ್ತು ಹೂಡಿ ನೀರಿಗೆ ಎಳೆದ ದಿನ ವೈನಿ, ಅಂದರೆ ಅಣ್ಣನ ಹೆಂಡತಿ, ಆರತಿ ಬೆಳಗಿ ಕಾಯಿ ಒಡೆದರು. ನಾನು ಹತ್ತಿ ಕೂತೆ. ಹತ್ತು ಎಣಿಸುವಷ್ಟರಲ್ಲಿ ನೀರು ಪಾದ ಮುಚ್ಚಿತು, ಇನ್ನೊಂದು ಹತ್ತಕ್ಕೆ ಮೀನಖಂಡ. ಎಲ್ಲ ಸಂದಿಯಿಂದಲೂ ಬರುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹಲಗೆ ಡೊಂಕು ಎನ್ನುವಂತೆಯೂ ಇರಲಿಲ್ಲ, ಕೊಯ್ದವಳು ನಾನೇ. ದಂಡೆಯ ರಾಡಿಯಲ್ಲಿ ಕೂತು ಅತ್ತುಬಿಟ್ಟೆ. ಐವತ್ತು ದಾಟಿದ ಹೆಂಗಸು ಹಾಗೆ ಅಳಬಾರದು, ಆದರೂ ಅತ್ತೆ.

“ಮುಗೀತಣ್ಣಾ. ಇನ್ನ ನಾ ಬರಿಯಂಗಿಲ್ಲ” ಎಂದೆ.

ಅಣ್ಣ ದೊಡ್ಡ ದೊಡ್ಡ ಕಲ್ಲು ತಂದು ದೋಣಿಯೊಳಗೆ ಒಗೆದು, ಉಳಿದಿದ್ದ ಅಂಚನ್ನೂ ಮುಳುಗಿಸಿದ. ನನಗೆ ಸಿಟ್ಟು ಬಂದು ಕೂಗಿದೆ. ಅವನು ಕೈ ಒರೆಸಿಕೊಂಡು ಬಂದ. “ಬ್ಯಾಸಗಿಯೊಳಗ ಬಂಡಿ ಗಾಲಿ ಒಣಗಿ ಸಡ್ಲ ಆದ್ರ ಏನ ಮಾಡ್ತೀವಿ? ನೀರಾಗ ಕೆಡವ್ತೀವಿ. ಕಟ್ಟಿಗಿ ಉಬ್ಬಿ ತಾನ ಬಿಗೀತದ. ಇದೂ ಕಟ್ಟಿಗೀನ ಹೌದಿಲ್ಲೋ? ಮೂರು ದಿನ ಮುಳುಗಿರ್ಲಿ, ನೀ ಸುಮ್ಮ ಇರು.”

ಪುಸ್ತಕದಲ್ಲಿ ಅಷ್ಟೊಂದು ದೋಣಿ ತೇಲಿಸಿದ ನನಗೆ, ದೋಣಿಯನ್ನು ಮೊದಲು ಮುಳುಗಿಸಬೇಕು ಎಂದು ಗೊತ್ತಿರಲಿಲ್ಲ.

ನಾನು ಸೊಲ್ಲಾಪುರಕ್ಕೆ ಮರಳದೆ ತವರಿನಲ್ಲೇ ಉಳಿದೆ. ನಾಲ್ಕನೆಯ ದಿನ ಕಲ್ಲು ತೆಗೆದು ನೀರು ತೋಡಿದೆವು. ಎಲ್ಲೋ ಒಂದು ಕಡೆ ಜಿನುಗುತ್ತಿತ್ತು, ಅಷ್ಟೇ. ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬನ್ನು ಜೀವಕ್ಕಿರಲಿ ಎಂದು ನಡುವೆ ಇಟ್ಟುಕೊಂಡು ಇಬ್ಬರೂ ಹತ್ತಿದೆವು. ಬಿದಿರಿನ ಗಳಕ್ಕೆ ಚಾದರ ಏರಿಸಿದೆ. ಆಷಾಢದ ಗಾಳಿ, ಅದಕ್ಕೆ ಚಾದರದ ತೂಕ ಲೆಕ್ಕಕ್ಕೇ ಬರಲಿಲ್ಲ. ನವಿಲುಗಳು ಹೊಟ್ಟೆ ಉಬ್ಬಿಸಿದವು, ದೋಣಿ ನಡೆಯಿತು. “ಗಾಳಿ ಬಂದಾಗ ತೂರಿಕೋ ಅಂತಾರ, ಹೊಡಿ!” ಎಂದು ಅಣ್ಣ ಕೂಗಿದ. ನನಗೆ ಆದ ಖುಷಿಯನ್ನು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ನಡುನೀರಿಗೆ ಹೋದ ಮೇಲೆ ತಿರುಗಿಸಿ ಮನೆಯ ಕಡೆ ಹೊರಟೆ. ಚಾದರ ಪಟಪಟ ಬಡಿದುಕೊಂಡು ಮುಖದ ಮೇಲೆ ಬಂತು, ದೋಣಿ ಹಿಂದಕ್ಕೆ ಸರಿಯಿತು. ಕಾರವಾರದ ಹುಡುಗಿ ಹೇಳಿದ್ದು ಅಕ್ಷರಶಃ ಖರೆ. “ಏರಿನ್ಯಾಗ ತುಂಬಿದ ಬಂಡಿ ಯಾರರ ನೆಟ್ಟಗ ಹೊಡಿತಾರೇನು? ಅಡ್ಡಡ್ಡ ಹೊಡಿ” ಎಂದ ಅಣ್ಣ. ಮಾತು ಸರಿಯಾಗಿತ್ತು, ಕೈ ಪಳಗಿರಲಿಲ್ಲ. ಗಾಳಿ ನಮ್ಮನ್ನು ಆಚೆ ದಂಡೆಗೆ ಒಯ್ದು ಬಿಟ್ಟಿತು. ಅದು ನಿಲ್ಲುವವರೆಗೆ ಕಾಯಬೇಕಾಯಿತು.

ಜಾಲಿ ಗಿಡದ ಕೆಳಗೆ ಕೂತೆವು. “ಹಿಂಗ ಸಿಕ್ಕೊಂಡಾಗ ನಿನ್ನ ಕಥಿ ಹುಡಿಗಿ ಏನ ಮಾಡ್ತಾಳ?” ಎಂದು ಅಣ್ಣ ಕೇಳಿದ.

ಏಳನೆಯ ಪುಸ್ತಕದ ಅರ್ಧ ಕಥೆಯನ್ನು ನಮ್ಮ ಮಾತಿನಲ್ಲೇ ಹೇಳಿದೆ. ಅವನು ಒಮ್ಮೆಯೂ ಚೇಷ್ಟೆ ಮಾಡಲಿಲ್ಲ. ನಾನು ನಿಲ್ಲಿಸಿದೆ.

“ಮುಂದ?”

“ಮುಂದ ಬರದಿಲ್ಲ. ಈಗ ಬರೀತೀನಿ. ಬರದು ನಿನಗ ಪುಸ್ತಕ ಕೊಡ್ತೀನಿ.”

“ಕೊಡು. ಆರು ಕೊಟ್ಟೀ, ಆರೂ ದೇವರ ಜಗಲಿ ಮ್ಯಾಲ ಅದಾವ. ಕುಂಕುಮ ಹಚ್ತೀನಿ ತಂಗಿ, ಓದಾಕ ಬರಂಗಿಲ್ಲ. ನೀ ಒಂದರ ಕುಂತು ಓದಿ ಹೇಳಿದೇನು?”

ಇಪ್ಪತ್ತು ವರ್ಷ ಊರ ಮಕ್ಕಳಿಗೆಲ್ಲ ಕಥೆ ಹೇಳಿದವಳಿಗೆ ಅದು ಹೊಳೆದಿರಲಿಲ್ಲ. ನೀರಿನ ಮೇಲೆ ಗಾಳಿ ಇನ್ನೂ ಜೋರಾಗಿಯೇ ಇತ್ತು.

“ಗಾಳಿ ನಿಲ್ಲಾಕ ಇನ್ನ ಭಾಳ ಹೊತ್ತದ” ಎಂದ ಅಣ್ಣ. “ಮೊದಲನೇದ್ದರಿಂದ ಶುರು ಮಾಡು.”