ಕಾಟಾ ಇನ್ನೂ ಅಲುಗಾಡುತ್ತಿದೆ

ಕಳೆದ ವಾರ ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ತೂಕದ ಚೀಟಿ ಬರೆಯುವವನು ಎರಡು ಹಾಳೆಗಳ ನಡುವೆ ಕಾರ್ಬನ್ ಕಾಗದ ಸರಿಸಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಸ್ಕಿಯ ಟೈಪಿಂಗ್ ಕೋಣೆ ಎದುರಿಗೆ ಬಂದು ನಿಂತಿತು... ಕಿಟಕಿಯ ಪಕ್ಕ ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತ ಅಕ್ಕೋರು.

ನನಗೆ ಟೈಪಿಂಗ್ ಕಲಿಸಿದವರು ಅವರು. ಮುಂದೆ ನಾನು ಗಿರಣಿಗಳಿಗೆ ಗಾಡಿ ತೂಗುವ ಕಾಟಾ, ಅದರ ಕಂಪ್ಯೂಟರ್ ಮಾರುವ ಧಂದೆ ಹಿಡಿದೆ. ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ನನ್ನಷ್ಟು ಚೌಕಾಸಿ ಮಾಡುವವನು ಇನ್ನೊಬ್ಬನಿರಲಿಲ್ಲ. ಪರದೆಯ ಮೇಲೆ ಕನ್ನಡ ಬರುವಂತಾದರೆ ಎದುರಿನ ಅಂಗಡಿಯವನನ್ನು ಮೂಲೆಗೆ ತಳ್ಳಬಹುದು ಎಂದುಕೊಂಡೇ ಅವರ ಬಳಿ ಹೋದೆ.

ಇಲ್ಲೊಂದು ವಿಷಯ ತಿಳಿದಿರಲಿ. ಕಾಟಾ ಯಾವ ಕಂಪನಿಯದಾದರೂ, ಪರದೆಯ ಮೇಲೆ ಎಚ್ಚರಿಕೆ ತೋರಿಸುವ ಭಾಗವನ್ನು ಯಾರೂ ಹೊಸದಾಗಿ ಬರೆಯುವುದಿಲ್ಲ. ಎಲ್ಲೆಲ್ಲಿಯದೋ ಜನ ಸೇರಿ ಬರೆದು ಪುಕ್ಕಟೆಯಾಗಿ ಇಟ್ಟಿರುತ್ತಾರೆ. ಎಲ್ಲ ಕಂಪನಿಗಳೂ ಅದನ್ನೇ ಎತ್ತಿಕೊಳ್ಳುತ್ತವೆ. ಅದಕ್ಕೆ ಲೈಬ್ರರಿ ಎನ್ನುತ್ತಾರೆ. ಅದರ ಇಂಗ್ಲಿಷ್ ಸಾಲುಗಳ ಎದುರು ಯಾರಾದರೂ ಕನ್ನಡ ಬರೆದು ಕಳಿಸಿದರೆ, ಅದನ್ನು ಬಳಸುವ ಕಾಟಾಗಳೆಲ್ಲ ಕನ್ನಡದಲ್ಲಿ ಹೇಳತೊಡಗುತ್ತವೆ.

“ಅಕ್ಕೋರ, ನನ್ನ ಕಾಟಾಕ್ಕಷ್ಟ ಬರದುಕೊಡ್ರಿ. ಬ್ಯಾರೇದೋರಿಗೆ ಯಾಕ ಪುಕ್ಕಟ?” ಎಂದೆ.

“ಲೇ, ರೈತ ನಿನ್ನ ಕಾಟಾ ಹುಡುಕ್ಕೊಂಡು ಬರ್ತಾನೇನು? ಎಲ್ಲಿ ಗಾಡಿ ನಿಂತತೋ ಅಲ್ಲೇ ತೂಗಸ್ತಾನ. ಬರದ್ರ ಎಲ್ಲಾರಿಗೂ ಬರೀತೀನಿ. ಇಲ್ಲಾಂದ್ರ ಎದ್ದು ನಡಿ.”

ಚೌಕಾಸಿಯಲ್ಲಿ ನಾನು ಸೋತದ್ದು ಅದೊಂದೇ ಸಲ.

ಬರೆದ ಸಾಲನ್ನು ಅವರು ಹಾಗೇ ಕಳಿಸುತ್ತಿರಲಿಲ್ಲ. ಬಸ್ಸು ಹತ್ತಿ ಸಿಂಧನೂರಿಗೆ ಬಂದು, ಗಿರಣಿ ಅಂಗಳದಲ್ಲಿ ಭತ್ತ ಹರವುವ ಹೆಂಗಸರ ನಡುವೆ ಕೂತು ಓದಿ, ಸುಮ್ಮನಾಗುತ್ತಿದ್ದರು. ಕೇಳಿದವರು ಏನು ಮಾಡಲು ಹೊರಡುತ್ತಾರೆ ಎಂದಷ್ಟೇ ನೋಡುತ್ತಿದ್ದರು. “ತೂಕ ಅಸ್ಥಿರವಾಗಿದೆ, ದಯವಿಟ್ಟು ನಿರೀಕ್ಷಿಸಿ” ಎಂದು ಓದಿದ ದಿನ ಒಬ್ಬರೂ ಮಿಸುಕಲಿಲ್ಲ. ಮುದುಕಿಯೊಬ್ಬಳು ಬೊಚ್ಚುಬಾಯಿ ತೆರೆದು ನಕ್ಕಳು.

“ಇದೇನು ಬೇ, ಕೋರ್ಟಿನ ಕಾಗದ ಓದಿದಂಗ ಓದ್ತಿ! ಕಾಟಾ ಇನ್ನೂ ಅಳ್ಳಾಡಾಕತ್ತದ, ಗಾಡಿ ಇಳಸಬ್ಯಾಡ ಅನ್ನು.”

ಅಕ್ಕೋರು ಅಲ್ಲೇ ಹಳೆಯ ಸಾಲು ಹೊಡೆದುಹಾಕಿದರು. “ಕಾಟಾ ಇನ್ನೂ ಅಲುಗಾಡುತ್ತಿದೆ. ಗಾಡಿ ಇಳಿಸಬೇಡಿ” ಎಂದು ಬರೆದುಕೊಂಡರು. ಅದು ಪರದೆಗೆ ಬಂದ ಮೇಲೆ, ಅಂಕಿ ನಿಲ್ಲುವ ಮೊದಲೇ ಯಾರಾದರೂ ಚೀಟಿ ಹರಿಯಲು ಹೋದರೆ ರೈತರೇ “ಏ, ತಡೀಲೇ!” ಎಂದು ಕೂಗುತ್ತಿದ್ದರು. ತೂಕ ಕಡಿಮೆ ಬೀಳುವ ತಕರಾರು ಎಷ್ಟೋ ನಿಂತಿತು.

ಅವರಿಗೆ ಇಮೇಲ್ ಇರಲಿಲ್ಲ. ಕನ್ನಡ ನೋಡಿಕೊಳ್ಳುವವರ ವಿಳಾಸವೆಂದು ನನ್ನದನ್ನೇ ಕೊಟ್ಟಿದ್ದೆ. ಲೈಬ್ರರಿಯಲ್ಲಿ ಸಾಲುಗಳು ಬದಲಾದಾಗಲೆಲ್ಲ ಅದನ್ನು ನಡೆಸುವವರಿಂದ ಪತ್ರ ಬರುತ್ತಿತ್ತು. ಪ್ರಿಂಟ್ ತೆಗೆದು ಮಸ್ಕಿಗೆ ಒಯ್ದು, ಅಕ್ಕೋರು ಬರೆದುಕೊಟ್ಟದ್ದನ್ನು ಕಳಿಸುತ್ತಿದ್ದೆ. ಎಷ್ಟು ವರ್ಷ ಹೀಗೆ ನಡೆಯಿತೋ...

ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಅವರಿಗೆ ಅದೇ ಚಿಂತೆ. “ಪತ್ರ ಬಂದ್ರ ಉತ್ರ ಹಾಕು, ತಮ್ಮಾ. ನೋಡೋರು ಯಾರೂ ಇಲ್ಲ ಅಂತ ಗೊತ್ತಾದ್ರ ಕನ್ನಡ ತಗದುಬಿಡ್ತಾರ.”

“ಹಾಕ್ತೀನ್ರೀ ಅಕ್ಕೋರ” ಎಂದಿದ್ದೆ.

ಅಕ್ಕೋರು ತೀರಿಹೋದ ಮೇಲೆ ಲೈಬ್ರರಿಯವರ ಪತ್ರ ಬಂತು: ಕನ್ನಡವನ್ನು ಈಗ ಯಾರಾದರೂ ನೋಡಿಕೊಳ್ಳುತ್ತಿದ್ದೀರಾ? ಅಷ್ಟರಲ್ಲಿ ನಾನು ಕಾಟಾ ಬಿಟ್ಟು ಸೋಲಾರ್ ಹಿಡಿದಿದ್ದೆ. ಉತ್ತರ ಕೊಟ್ಟರೆ ನನಗೇನು ಬಂತು ಎಂದು ಸುಮ್ಮನಾದೆ. ಎರಡನೆಯ ಪತ್ರ ಬಂತು. ಮೂರನೆಯದನ್ನು ತೆರೆಯಲೂ ಇಲ್ಲ. “ಇದ್ದೇವೆ” ಎಂಬ ಒಂದೇ ಮಾತು ಸಾಕಾಗುತ್ತಿತ್ತು... ಲೈಬ್ರರಿಯವರು ಕನ್ನಡ ತೆಗೆದುಹಾಕಿದರು. ನಿಮಗೊಂದು ಬುದ್ಧಿ ಹೇಳುತ್ತೇನೆ: ಇನ್ನೊಬ್ಬರ ಕೆಲಸಕ್ಕೆ ನಿಮ್ಮ ವಿಳಾಸ ಕೊಡಬೇಡಿ. ಕೊಟ್ಟಿದ್ದರೆ, ಬಂದ ಪತ್ರ ತೆರೆಯಿರಿ.

ಕಳೆದ ವಾರ ಆ ಗಿರಣಿಗೆ ಹೋದದ್ದು ಸೋಲಾರ್ ಕೂಡಿಸುವ ಮಾತಿಗೆ. ಕಾಟಾ ಮೇಲೆ ತುರ್ವಿಹಾಳದ ಭತ್ತದ ಟ್ರ್ಯಾಕ್ಟರ್ ನಿಂತಿತ್ತು. ಅಂಕಿ ಇನ್ನೂ ನಿಂತಿರಲಿಲ್ಲ; ಪರದೆಯಲ್ಲಿ ಕೆಂಪು ಅಕ್ಷರದ ಇಂಗ್ಲಿಷ್ ಸಾಲೊಂದು ಮಿನುಗುತ್ತಿತ್ತು. ವಯಸ್ಸಾದ ರೈತ ನನ್ನ ಕಡೆ ತಿರುಗಿದ.

“ಯಜಮಾನ್ರ, ಏನೋ ಬರಾಕತ್ತದಲ್ಲ ಅಲ್ಲಿ, ಏನಂತ ಅದು?”

ಗಿರಣಿ ಮಾಲೀಕ ಪಕ್ಕದಲ್ಲೇ ಇದ್ದ. ನಮ್ಮ ಮಾತು ಇನ್ನೂ ಕುದುರಿರಲಿಲ್ಲ.

“ಏನಿಲ್ಲ ಬಿಡ್ರೀ, ಮಶೀನಿಂದು” ಎಂದೆ.

ಚೀಟಿ ಹರಿದರು. ಗಾಡಿ ಇಳಿಯಿತು. ಕಾರ್ಬನ್ ಪ್ರತಿಯನ್ನು ಆತ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ನನಗೆ ಕೈಮುಗಿದು ಹೋದ.

ಅಕ್ಕೋರಿಲ್ಲ. ಪರದೆಯ ಮೇಲೆ ಅವರ ಸಾಲೂ ಇಲ್ಲ. ಅದು ಬಾಯಿಪಾಠವಿದ್ದ ಒಬ್ಬನೇ ಮನುಷ್ಯ ಆ ಹೊತ್ತಿಗೆ ಅಲ್ಲೇ ನಿಂತಿದ್ದ, ಅವನೂ ಹೇಳಲಿಲ್ಲ.