ಸುವರ್ಣಮ್ಮನ ಕೈಗೆ ಬಂದ ಸುಣ್ಣಕಟ್ಟು

ಸುವರ್ಣಮ್ಮನ ಕೈಗೆ ಸುಣ್ಣ ಹಾಕಿದವಳು ನಾನೇ. ಅದನ್ನ ಮೊದಲೇ ಬರೆದುಬಿಡ್ತೀನಿ.

ಲೊಕ್ಕನಹಳ್ಳಿಯವಳು, ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದಳು. ಮಾಲೀಕ ಬಿಳಿಗಿರಿಯ ಮನೆಯಲ್ಲಿ ಗೂಡಿಂದ ರೇಷ್ಮೆ ಎಳೆ ಬಿಚ್ಚೋ ಕೆಲಸ. ನನ್ನ ಗಂಡ ತೀರಿಕೊಂಡ ವರ್ಷ ನಾನೂ ಅಲ್ಲಿಗೆ ಸೇರಿದೆ. ಬಿಸಿನೀರಲ್ಲಿ ಕುಣಿಯೋ ಗೂಡಿನ ಎಳೆಯನ್ನ ಬೆರಳ ತುದಿಯಲ್ಲೇ ಹುಡುಕೋದು ಕಲಿಸಿದವಳು ಅವಳು. ನನಗೆ ಸಿಗದಿದ್ದರೆ, "ಯಾಕಕ್ಕ, ನಿನ್ ಗೂಡು ಇನ್ನೂ ಮಲ್ಗೇ ಅದಾ?" ಅಂತ ರೇಗಿಸೋಳು.

ಹೋದ ಮಳೆಗಾಲದಲ್ಲಿ ಅವಳ ಬೆರಳ ಸಂದಿ ಬೆಳ್ಳಗಾಯ್ತು. ನೆಂದ ಚರ್ಮ ಸುಲಿದು ಒಳಗೆಲ್ಲ ಕೆಂಪು, ನವೆ. ಉಗುರಿನ ಬುಡ ಊದಿಕೊಂಡಿತು. ಔಷಧಿ ಅಂಗಡಿಯಿಂದ ಕೀವು ಒಣಗಿಸೋ ಮಾತ್ರೆ ಮೂರು ಸಲ ತಂದು ನುಂಗಿದಳು. ಇನ್ನೂ ಜಾಸ್ತಿಯಾಯ್ತು.

ರೇಷ್ಮೆಹುಳ ಸತ್ತು ಬೆಳ್ಳಗೆ ಬಿರುಸಾಗೋ ರೋಗಕ್ಕೆ ಸುಣ್ಣಕಟ್ಟು ಅಂತೀವಿ. ಗೂಡು ಆರಿಸೋ ರೂಪ ಆ ಕೈ ನೋಡಿ, "ಅಯ್ಯೋ, ಸುವರ್ಣಕ್ಕಂಗೆ ಸುಣ್ಣಕಟ್ಟು ಬಂದದೆ ಕಣ್ರವ್ವಾ!" ಅಂದಳು. ಎಲ್ಲರೂ ನಕ್ಕರು. ಬಿಳಿಗಿರಿ ಮಾತ್ರ ನಗಲಿಲ್ಲ. ಅವನ ಮನೆ ಹಿಂದೆ ಹುಳ ಸಾಕ್ತಾರೆ, ಅವಕ್ಕೂ ಹತ್ತೀತು ಅಂತ ಭಯ. "ವಾಸಿ ಆಗಗಂಟ ಬರಬ್ಯಾಡ ಕಣವ್ವ. ಆಗ್ಲಿಲ್ಲ ಅಂದ್ರೆ ನಿನ್ ಜಾಗ ರೂಪಂಗೆ" ಅಂದ.

ರೋಗ ಬಂದ ಹುಳದ ತಟ್ಟೆಗೆ ಸುಣ್ಣದ ಪುಡಿ ಉದುರಿಸೋದು ನಮ್ಮ ರೂಢಿ. ಅದೇ ಪುಡಿ ತಂದು ಸುವರ್ಣಮ್ಮನ ಬೆರಳಿಗೆಲ್ಲ ಮೆತ್ತಿ ಬಟ್ಟೆ ಕಟ್ಟಿದೆ.

"ಉರೀತದಕ್ಕ."

"ಉರುದ್ರೇಯ ರೋಗ ಸಾಯದು. ತಡ್ಕೊ."

ಐದನೇ ದಿನ ಉರಿ ಇಲ್ಲ ಅಂದಳು. ವಾಸಿಯಾಯ್ತು ಅಂದುಕೊಂಡ್ವಿ. ಬಿಚ್ಚಿದರೆ ಬೆರಳ ತುದಿಗಳು ಬೆಂದುಹೋಗಿದ್ದವು.

ಆಸ್ಪತ್ರೆಗೆ ಕರಕೊಂಡು ಹೋದೆ. ಡಾಕ್ಟರಮ್ಮ ಹೇಳಿದರು: "ಇದು ಹುಳದ ರೋಗ ಅಲ್ಲಮ್ಮ. ಕ್ಯಾಂಡಿಡಾ ಅಂತ ಒಂದು ಥರ ಬೂಷ್ಟು. ಎಷ್ಟೋ ಜನರ ಮೈಮೇಲೆ ಸುಮ್ಮನೆ ಇರ್ತದೆ. ಕೈ ಸದಾ ನೀರಲ್ಲಿದ್ರೆ, ಸಕ್ಕರೆ ಕಾಯಿಲೆ ಇದ್ರೆ, ಕೀವಿನ ಮಾತ್ರೆ ಸುಮ್‌ಸುಮ್ನೆ ನುಂಗಿದ್ರೆ ಎದ್ದು ಕೂರ್ತದೆ." ರಕ್ತ ನೋಡಿದರು. ಸಕ್ಕರೆ ಮುನ್ನೂರು ದಾಟಿತ್ತು. ಅವಳಿಗೆ ಗೊತ್ತೇ ಇರಲಿಲ್ಲ. ಮುಲಾಮು ಬರೆದುಕೊಟ್ಟು, ಕೈ ಒಣಗಿರಲಿ ಅಂದರು. ಸುಣ್ಣ ಯಾರು ಹಾಕಿದ್ದು ಅಂತ ಕೇಳಿದರು. ನಾನು ಚೀಟಿ ತಗೊಂಡು ಎದ್ದೆ.

ಎರಡು ತಿಂಗಳಿಗೆ ಬೆಳ್ಳಗಿದ್ದದ್ದು ಹೋಯ್ತು, ಬೆಂದ ತುದಿಗಳಿಗೆ ಹೊಸ ಚರ್ಮ ಬಂತು. ಡಾಕ್ಟರಮ್ಮ ಬೇಡ ಅಂದಿದ್ದರೂ ತನ್ನ ಜಾಗಕ್ಕೆ ಬಂದು ಕೂತಳು. ನೀರಿಗೆ ಬೆರಳಿಟ್ಟಳು. ಎಳೆ ಬೆರಳಿಗೆ ತಾಕಿ ತಾಕಿ ಜಾರಿಹೋಗೋದು ನನಗೆ ಕಾಣ್ತಿತ್ತು.

"ಸಿಕ್ತಾ?" ಅಂದೆ.

"ನೀರು ಬಿಸಿ ಅದಾ ಅಕ್ಕ?" ಅಂತ ಕೇಳಿದಳು.

ಹಬೆ ಏಳ್ತಾ ಇತ್ತು.

ಈಗ ನನ್ನ ಪಕ್ಕ ರೂಪ ಕೂರ್ತಾಳೆ. ಸುವರ್ಣಮ್ಮ ಆಚೆ ಜಗಲಿ ಮೇಲೆ ಒಣಗೂಡು ಆರಿಸ್ತಾಳೆ, ಬೆರಳಲ್ಲಿ ಅಲ್ಲ, ಕಣ್ಣಲ್ಲಿ ನೋಡಿಕೊಂಡು.