ಕೈತೂಕದ ದಲ್ಲಾಳಿ
ಒಣ ಬಯಲಿನ ಕುರಿಸಂತೆಗೆ ಯಂತ್ರದ ತಕ್ಕಡಿ ಬರುವವರೆಗೆ, ಮೂವತ್ತು ವರ್ಷ, ಈ ದಲ್ಲಾಳಿಯ ಕೈಯೇ ತಕ್ಕಡಿ. ವ್ಯಾಪಾರಿ ಕೊಡುತ್ತಿದ್ದ ಬೆಲೆಯೂ ಅವನ ಮಾತಿನ ಮೇಲೆಯೇ. ಈಗಲೂ ಕುರಿಗಾರರು ಮೊದಲು ಅವನ ಬಳಿಗೇ ಬರುತ್ತಾರೆ. ಅವನು ಕುರಿಯ ಸೊಂಟ ತಡವಿ, ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, "ಇಪ್ಪತ್ತೆಂಟು ಕಿಲೋ. ದಾರೀಲಿ ಕುಡಿದ ನೀರೂ ಸೇರಿ" ಎನ್ನುತ್ತಾನೆ. ತಕ್ಕಡಿಯೂ ಅಷ್ಟೇ ತೋರಿಸುತ್ತದೆ. "ಯಂತ್ರ ನಿನ್ನ ಹತ್ರಾನೇ ಕಲ್ತಿರ್ಬೇಕು ಬಿಡು ಮಾವ" ಎಂದು ಜನ ನಗುತ್ತಾರೆ, ಅವನು ನಗುವುದಿಲ್ಲ. ಒಮ್ಮೆ ಕುರಿ ಮಾರಲು ಬಂದ ಮುದುಕಿಯೊಬ್ಬಳು ಮೆಲ್ಲಗೆ ಕೇಳಿದ್ದಳು: "ಅಣ್ಣಾ, ಅದೇ ತಳಿ, ಅದೇ ಒಣಹುಲ್ಲು. ಈಗ ಇಪ್ಪತ್ತೆಂಟು ತೂಗ್ತವೆ. ಯಂತ್ರ ಬರೋಕೆ ಮುಂಚೆ ನನ್ನ ಕುರಿ ನಿನ್ನ ಕೈಯಲ್ಲಿ ಯಾಕೆ ಇಪ್ಪತ್ತೈದು ದಾಟ್ತಿರ್ಲಿಲ್ಲ?" ಅಂದಿನಿಂದ ಅವಳ ಕುರಿಗಳನ್ನು ಅವನು ಎತ್ತುವುದಿಲ್ಲ. ತಾನೇ ತಕ್ಕಡಿಯವರೆಗೆ ನಡೆಸಿಕೊಂಡು ಹೋಗಿ, ಅಂಕಿ ನಿಲ್ಲುವ ತನಕ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಹಿಡಿದು ನಿಂತಿರುತ್ತಾನೆ.